ಹದಿನಾಲ್ಕು ಮನೆಯ ಹ್ವಾದಿಶ್ಕಾ

ಗ್ಲಿನಿಶ್ಚೆ, ಪೊದ್ಲಾಸ್ಯೆ
4 ನವೆಂಬರ್ 2024

ಅಂತರಜಾಲದ ವ್ಯಾಕರಣ ನಿಘಂಟಿನ ಸಂಪಾದಕರಿಗೆ, ಕ್ರಾಕುಫ್

ಮಾನ್ಯರೇ,

ನಾನು ಸತ್ತಿಲ್ಲ ಎಂದು ತಿಳಿಸಲು ಈ ಪತ್ರ.

ನಿಮಗೆ ಆ ಸಂದೇಹ ಬಂದಿರುವುದಕ್ಕೆ ಪುರಾವೆ ಇದೆ. ಕಳೆದ ಗುರುವಾರ ನಮ್ಮ ಯಜಮಾನರ ಗೋರಿಯನ್ನು ತಿಕ್ಕಿ ತೊಳೆದು, ಸಂತರ ಹಬ್ಬಕ್ಕೆ ಸೇವಂತಿಗೆ ಇಟ್ಟು, ಬರುವ ದಾರಿಯಲ್ಲಿ ಗ್ರಂಥಾಲಯದೊಳಗೆ ಕಾಲಿಟ್ಟೆ. ಅಲ್ಲಿನ ಹುಡುಗಿ ಹೊನೊರಾತಾ ಕಂಪ್ಯೂಟರಿನ ಮುಂದೆ ಕೂರಿಸಿದಳು. "ಯಾವ ಪದ ಬೇಕಾದ್ರೂ ಹೇಳಿ, ಪಾನಿ ಲೆಯೊಕಾದಿಯಾ. ಏಳು ವಿಭಕ್ತಿ, ಎರಡು ವಚನ, ಎಲ್ಲಾ ಬಿಡಿಸಿ ತೋರಿಸುತ್ತೆ" ಎಂದಳು. ನಾನು ಬಾಯಿಗೆ ಬಂದದ್ದನ್ನು ಹೇಳಿದೆ: ಹ್ವಾದಿಶ್ಕಾ. ಬೆಳಿಗ್ಗೆ ಅದರಿಂದಲೇ ಹೆಪ್ಪಾದ ಹಾಲು ತೋಡಿಕೊಂಡು ತಿಂದು ಹೊರಟಿದ್ದೆ. ಬಾಯಿಗೆ ಬೇರೆ ಏನು ಬರಬೇಕು?

ಬಂತು ನೋಡಿ ನಿಮ್ಮ ಕೋಷ್ಟಕ. ಹದಿನಾಲ್ಕು ಮನೆ, ಹದಿನಾಲ್ಕೂ ಭರ್ತಿ. ಒಂದು ಮನೆಯಲ್ಲೂ ತಪ್ಪಿಲ್ಲ, ಒಪ್ಪಿದೆ. ಆದರೆ ಪದದ ತಲೆಯ ಮೇಲೆ ಪುಟ್ಟದೊಂದು ಶಿಲುಬೆ! ಪಕ್ಕದಲ್ಲಿ ಟಿಪ್ಪಣಿ: "ಹೊಟ್ಟೆ ಅಗಲ, ಕತ್ತು ಕಿರಿದಾದ ಮಣ್ಣಿನ ಹಾಲುಗಡಿಗೆ. ಬಳಕೆ ನಿಂತಿರುವಂತಿದೆ. ತೆಗೆದುಹಾಕುವ ವಿಚಾರ ಪರಿಶೀಲನೆಯಲ್ಲಿದೆ." ಬೆಳಿಗ್ಗೆಯಿಂದ ನಲವತ್ತು ಶಿಲುಬೆ ನೋಡಿ ಬಂದಿದ್ದೆ. ನಲವತ್ತೊಂದನೆಯದು ನನ್ನ ತಿಂಡಿಯ ಮೇಲೆ ಬಿತ್ತು.

ಗಡಿಗೆ ಸತ್ತಿದ್ದರೆ ಅದರಲ್ಲಿ ಉಂಡ ನಾನು ಯಾರು? ಪಿಶಾಚಿಯೇ? ನಿಮ್ಮದು ನಿಘಂಟೋ ಸ್ಮಶಾನದ ರಿಜಿಸ್ಟರೋ? ದಯವಿಟ್ಟು ಶಿಲುಬೆ ತೆಗೆಯಿರಿ.

ಲೆಯೊಕಾದಿಯಾ ಸಾಕೋವಿಚ್
(ಮೂವತ್ತನಾಲ್ಕು ವರ್ಷ ಇದೇ ಊರಿನ ಅಂಚೆ ಕಚೇರಿ ನಡೆಸಿದವಳು, ಆದ್ದರಿಂದ ಮಿಂಚಂಚೆಯಲ್ಲಿ ಬರೆಯುವುದಿಲ್ಲ)

⁂

ಕ್ರಾಕುಫ್
15 ನವೆಂಬರ್ 2024

ಮಾನ್ಯ ಪಾನಿ ಸಾಕೋವಿಚ್ ಅವರಿಗೆ,

ತಮ್ಮ ದಿನಾಂಕ 4ರ ಪತ್ರ ತಲುಪಿತು. ತಾವು ಬದುಕಿರುವುದನ್ನು ಸಂತೋಷದಿಂದ ದಾಖಲಿಸಿಕೊಂಡಿದ್ದೇವೆ.

ಪದದ ವಿಷಯ ಬೇರೆ. ಒಂದು ಪದ ಬದುಕಿದೆ ಎನ್ನಲು ಅದನ್ನು ಬಲ್ಲವರಿದ್ದರೆ ಸಾಲದು, ಆಡುವವರಿರಬೇಕು. ನಮ್ಮ ಸಮಿತಿಯ ನಿಯಮದಂತೆ ಮೂರು ಬೇರೆಬೇರೆ ಮನೆಯ ಮೂವರು ತಮ್ಮ ಸಹಜ ಮಾತಿನಲ್ಲಿ ಅದನ್ನು ಬಳಸಿರಬೇಕು. ಅವರನ್ನು "ಇದಕ್ಕೆ ಏನೆನ್ನುತ್ತೀರಿ?" ಎಂದು ಕೇಳಬಾರದು. ಅವರ ಮುಂದೆ ಯಾರೂ ಮೊದಲೇ ಆ ಪದವನ್ನು ಉಚ್ಚರಿಸಿರಬಾರದು. ಆಡಿದ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ, ದಿನಾಂಕ ಸಹಿತ ಬರೆದು ಕಳಿಸಬೇಕು. ಕೊನೆಯ ದಿನ ಏಪ್ರಿಲ್ 30. ಆಮೇಲೆ ಪದವನ್ನೂ ಅದರ ಹದಿನಾಲ್ಕು ರೂಪಗಳನ್ನೂ ನಿಘಂಟಿನಿಂದ ಕಡತಕ್ಕೆ ಸಾಗಿಸಲಾಗುವುದು.

ತಮ್ಮ ತಿಂಡಿಯನ್ನು ಒಂದು ಸಾಕ್ಷಿಯಾಗಿ ಸ್ವೀಕರಿಸಿದ್ದೇವೆ. ಇನ್ನೆರಡು ಬಾಕಿ.

ವಿಶ್ವಾಸಿ,
ಜೆನೋನ್ ಗಾವ್ಲಿಕ್
ಸಮಿತಿಯ ಪರವಾಗಿ

⁂

ಗ್ಲಿನಿಶ್ಚೆ
25 ನವೆಂಬರ್ 2024

ಮಾನ್ಯ ಗಾವ್ಲಿಕ್ ಅವರೇ,

ಎರಡು ಕೇಳಿದಿರಿ, ಇಗೋ ಎರಡು. ಜೊತೆಗಿರುವ ಮೊದಲ ಹಾಳೆ ಮಾಲ್ವಿನಾಳದು. ಸಾಲಿನ ಕೊನೆಯ ಮನೆ, ಹಸು ಸಾಕಿದ್ದಾಳೆ. ಎರಡನೆಯದು ಬಾಜಿಲಿ ಓನಿಶ್ಚುಕ್ ಅವರದು. ಕುಂಬಾರ, ಪಕ್ಕದ ಮನೆ. ಇಬ್ಬರೂ ಸ್ವಂತ ಬುದ್ಧಿಯಿಂದ, ಸ್ವಂತ ಬಾಯಿಂದ, ಸ್ವಂತ ಕೈಯಿಂದ ಬರೆದದ್ದು.

ಶಿಲುಬೆ ತೆಗೆದ ದಿನ ಒಂದು ಸಾಲು ಹಾಕಿ.

ಲೆ. ಸಾಕೋವಿಚ್

⁂

ಕ್ರಾಕುಫ್
6 ಡಿಸೆಂಬರ್ 2024

ಮಾನ್ಯ ಪಾನಿ ಸಾಕೋವಿಚ್,

ಮಾಲ್ವಿನಾ ಅವರ ಹಾಳೆಯನ್ನು ಸ್ವೀಕರಿಸಿದ್ದೇವೆ. "ಹ್ವಾದಿಶ್ಕಾ ತೊಳೀದೆ ಹಾಲು ಹುಯ್ದಿದೀಯಲ್ಲೇ, ನಿಂಗೆ ಬುದ್ಧಿ ಇದ್ಯಾ?" ಎಂದು ಅವರು ನಿಮ್ಮನ್ನೇ ಬೈದದ್ದನ್ನು ಬರೆದಿದ್ದಾರೆ. ಮೂಲೆಯಲ್ಲಿ ಹಾಲಿನ ಕಲೆಯೂ ಇದೆ. ಸಾಕ್ಷ್ಯ ಎಂದರೆ ಹೀಗಿರಬೇಕು.

ಓನಿಶ್ಚುಕ್ ಅವರದು ಹೀಗಿಲ್ಲ. ಕುಂಬಾರರ ಹಾಳೆಯಲ್ಲಿ ಮಣ್ಣಿನ ಒಂದು ಬೆರಳ ಗುರುತೂ ಇಲ್ಲ. ಸಹಿಯ ಕೆಳಗೆ ಅಂಚೆ ಸಂಖ್ಯೆ ಬರೆದು ಎರಡು ಗೆರೆ ಎಳೆದಿದ್ದಾರೆ. ಭೂಮಿಯ ಮೇಲೆ ಯಾವ ಕುಂಬಾರನೂ ಈ ಕೆಲಸ ಮಾಡಿದ ದಾಖಲೆ ನಮ್ಮಲ್ಲಿಲ್ಲ. ಪತ್ರದಲ್ಲಿ ಏಳು ವಾಕ್ಯ. ಏಳರಲ್ಲಿ ಏಳು ವಿಭಕ್ತಿ, ಅದೂ ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಕ್ರಮದಲ್ಲೇ. ಕೊನೆಯ ವಾಕ್ಯದಲ್ಲಂತೂ ಅವರು ಗಡಿಗೆಯನ್ನು "ಓ ಹ್ವಾದಿಶ್ಕೋ!" ಎಂದು ಸಂಬೋಧಿಸಿ ಕಣ್ಣೀರಿಟ್ಟಿದ್ದಾರೆ.

ಓನಿಶ್ಚುಕ್ ಎಂಬವರು ಇದ್ದಾರೆಯೇ ಎಂದು ತಿಳಿಸುವಿರಾ? ಇದ್ದರೆ, ಈ ಪತ್ರ ಬರೆದಿರುವುದು ಅವರಿಗೆ ಗೊತ್ತೇ?

ಗಾವ್ಲಿಕ್

⁂

ಗ್ಲಿನಿಶ್ಚೆ
16 ಡಿಸೆಂಬರ್ 2024

ಗಾವ್ಲಿಕ್ ಅವರೇ,

ಇದ್ದಾರೆ. ಗೊತ್ತಿಲ್ಲ.

ನಿಮ್ಮ ಎರಡು ಪ್ರಶ್ನೆಗೂ ಉತ್ತರವಾಯಿತು. ಇಲ್ಲಿಗೇ ಪತ್ರ ಮುಗಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ, ಗಡಿಗೆ ಉಳಿಯುವುದಿಲ್ಲ. ಆದ್ದರಿಂದ ಮುಂದೆ ಬರೆಯುತ್ತೇನೆ.

ನಮ್ಮೂರಲ್ಲೂ ನಿಮ್ಮ ಕೋಷ್ಟಕದಂತೆ ಹದಿನಾಲ್ಕು ಮನೆ. ವ್ಯತ್ಯಾಸವೆಂದರೆ ನಿಮ್ಮ ಹದಿನಾಲ್ಕೂ ಒಂದೇ ಪದದ ಬಂಧುಬಳಗ, ಜಗಳವಿಲ್ಲ. ನಮ್ಮಲ್ಲಿ ಏಳಕ್ಕೆ ಬೀಗ. ನಾಲ್ಕಕ್ಕೆ ವಾರ್ಸಾದ ಬೇಸಿಗೆಯವರು ಬರುತ್ತಾರೆ; ಅವರೂ ಆ ಗಡಿಗೆ ಕೊಳ್ಳುತ್ತಾರೆ, ಒಣ ಹುಲ್ಲು ಸಿಕ್ಕಿಸಿ 'ಹೂದಾನಿ' ಎನ್ನುತ್ತಾರೆ. ಉಳಿದದ್ದು ನಾನು, ಮಾಲ್ವಿನಾ, ಬಾಜಿಲಿ. ಲೆಕ್ಕ ಮುಗಿಯಿತು. ಮೂರನೆಯ ಸಾಕ್ಷಿ ಆಕಾಶದಿಂದ ಉದುರಬೇಕು, ಇಲ್ಲವೇ ಬೇಲಿಯ ಆಚೆಯಿಂದ ಬರಬೇಕು. ಆಕಾಶದ್ದೇ ಹೆಚ್ಚು ಸಂಭವ. ಬಾಜಿಲಿಗೂ ನನಗೂ ಮಾತು ಬಿಟ್ಟು ಒಂಬತ್ತು ವರ್ಷ.

ಕಾರಣ ಹೇಳುತ್ತೇನೆ, ನೀವೇ ನ್ಯಾಯ ಹೇಳಿ. ನಾವು ಕ್ಯಾಥೊಲಿಕರು; ನಮ್ಮ ಕ್ರಿಸ್ಮಸ್ ಡಿಸೆಂಬರಿನಲ್ಲಿ. ಬಾಜಿಲಿ ಆರ್ಥಡಾಕ್ಸ್, ಅವರದು ಜನವರಿ ಏಳಕ್ಕೆ. ನಿಮಗೆ ಏಳು ವಿಭಕ್ತಿ, ನಮಗೆ ಎರಡು ಭಕ್ತಿ. ಅವರ ಹಬ್ಬದ ದಿನ ನಾವು ಸದ್ದಿನ ಕೆಲಸ ಮಾಡುವುದಿಲ್ಲ, ನಮ್ಮ ಹಬ್ಬಕ್ಕೆ ಅವರು ಮಾಡುವುದಿಲ್ಲ. ನಮ್ಮ ಅಜ್ಜಿಯಂದಿರ ಕಾಲದಿಂದ ಇದು ಹೀಗೇ. ಯಾರೂ ಬರೆದಿಟ್ಟಿಲ್ಲ, ಆದ್ದರಿಂದ ಯಾರೂ ಮರೆತಿರಲಿಲ್ಲ. 2015ರ ಡಿಸೆಂಬರ್ 24ರಂದು ನಾವು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಊಟ ಶುರು ಮಾಡಲು ಮೊದಲ ನಕ್ಷತ್ರಕ್ಕೆ ಕಾದು ಕೂತಿದ್ದರೆ, ಆತ ಗಡಿಗೆ ಸುಡುವ ಆವಿಗೆ ಹಚ್ಚಿ ಕೂತಿದ್ದ! ಹೊಗೆಯಲ್ಲಿ ನಕ್ಷತ್ರ ಇರಲಿ, ನಮ್ಮ ಯಜಮಾನರ ಮೂಗೇ ಕಾಣಲಿಲ್ಲ. ಮೀನಿನ ಸಾರಿಗೂ ಹೊಗೆ ವಾಸನೆ.

ಆಮೇಲೆ ಜನವರಿ ಏಳರಂದು ನಾನು ಹೊರಗೆ ಹಿಮದ ಮೇಲೆ ಜಮಖಾನೆ ಹಾಸಿ ಬಡಿದೆ. ಒಳ್ಳೆ ಗಟ್ಟಿ ಹಿಮ ಬಿದ್ದಿತ್ತು, ಜಮಖಾನೆಗೆ ಅದಕ್ಕಿಂತ ಒಳ್ಳೆಯ ಸ್ನಾನವಿಲ್ಲ. ತಾರೀಕು ಮರೆತಿದ್ದೆ, ಅಷ್ಟೆ. ಅದಕ್ಕೆ ಆತ ಮಾತು ಬಿಟ್ಟ. ತಾನು ಹೊಗೆ ಹಾಕಬಹುದು, ನಾನು ಧೂಳು ಹಾರಿಸಬಾರದೇ?

ಲೆ. ಸಾಕೋವಿಚ್

⁂

ಕ್ರಾಕುಫ್
2 ಜನವರಿ 2025

ಪಾನಿ ಲೆಯೊಕಾದಿಯಾ,

ಸಮಿತಿ ನಿಮ್ಮ ಪತ್ರವನ್ನು ಎರಡು ಸಲ ಓದಿತು. ಎರಡನೆಯ ಸಲ ಚಹಾದ ಜೊತೆ.

ನಕಲಿ ಪತ್ರವನ್ನು ಕ್ಷಮಿಸಲಾಗಿದೆ. ನಿಯಮವನ್ನು ಸಡಿಲಿಸಲಾಗದು. ಓನಿಶ್ಚುಕ್ ಅವರ ಬಾಯಿಂದಲೇ, ನೀವು ಹೇಳಿಕೊಡದೆ, ಆ ಪದ ಬರಬೇಕು. ಅದಕ್ಕೆ ಮೊದಲು ಅವರ ಬಾಯಿಂದ ಯಾವುದಾದರೂ ಒಂದು ಪದ ಬರಬೇಕಲ್ಲವೇ? ಬರುವ ಮಂಗಳವಾರ ಜನವರಿ ಏಳು. ಹಬ್ಬದ ಶುಭಾಶಯ ಹೇಳಲು ಹೋಗಬಹುದು ಎಂದು ಸಮಿತಿಯ ಸಲಹೆ.

ನನ್ನದೊಂದು ಸ್ವಂತ ಮಾತು, ತಪ್ಪು ತಿಳಿಯಬೇಡಿ. ಒಂಬತ್ತು ವರ್ಷದ ಸಿಟ್ಟು ಇಷ್ಟು ಹಸಿಯಾಗಿ ಇರಬೇಕಾದರೆ ಒಳಗೆ ಬೇರೇನೋ ಹೆಪ್ಪಾಗಿರಬೇಕು. ಬಾಜಿಲಿಯವರ ಬಗ್ಗೆ ನಿಮಗೆ ಮೃದು ಭಾವನೆ ಏನಾದರೂ—

ಗಾವ್ಲಿಕ್

⁂

ಗ್ಲಿನಿಶ್ಚೆ
13 ಜನವರಿ 2025

ಗಾವ್ಲಿಕ್ ಅವರೇ,

ಆ ಗೆರೆಯನ್ನು ನೀವು ಎಳೆದಲ್ಲೇ ಬಿಟ್ಟದ್ದು ಒಳ್ಳೆಯದಾಯಿತು. ನನಗೆ ಎಪ್ಪತ್ತೆರಡು, ಆತನಿಗೆ ಎಪ್ಪತ್ತಾರು, ಕಾಲರಿನಲ್ಲಿ ಸದಾ ಮಣ್ಣು. ಮೃದುವಾದದ್ದು ಏನಾದರೂ ಇದ್ದರೆ ಆತನ ತಿಗರಿಯ ಮೇಲಿದೆ. ನೆರೆಮನೆ ಎಂಬ ಪದಕ್ಕೆ ನಿಮ್ಮ ನಿಘಂಟಿನಲ್ಲಿ ಅರ್ಥ ಕೊಟ್ಟಿಲ್ಲವೇ? ಬೆಳಿಗ್ಗೆ ಎದ್ದರೆ ಮೊದಲು ಕಾಣುವುದು ಆ ಮನೆಯ ಹೊಗೆ. ಹೊಗೆ ಕಂಡರೆ ಆತ ಎದ್ದಿದ್ದಾನೆ ಎಂದರ್ಥ. ಅದನ್ನು ನೋಡಿದ ಮೇಲೇ ನಾನು ಬೆಂಕಿ ಹಚ್ಚುವುದು. ಇಷ್ಟೇ. ಇದಕ್ಕೆ ನೀವು ಕ್ರಾಕುಫ್‌ನಲ್ಲಿ ಏನು ಬೇಕಾದರೂ ಹೆಸರಿಡಿ.

ನಿಮ್ಮ ಸಮಿತಿಯ ಸಲಹೆಯಂತೆ ಏಳರಂದು ಹೋದೆ. ಗಸಗಸೆ ರೊಟ್ಟಿ ಮಾಡಿಕೊಂಡು, ಒಳ್ಳೆ ಶಾಲು ಹೊದ್ದು, ಬಾಗಿಲು ತಟ್ಟಿದೆ. ತೆರೆದ. ಮೇಲಿನಿಂದ ಕೆಳಗೆ ನೋಡಿದ.

"ಹಬ್ಬದ ಶುಭಾಶಯ, ಬಾಜಿಲಿ."

"ಜಮಖಾನೆ ತಂದಿಲ್ವಾ?" ಎಂದ. ಬಾಗಿಲು ಹಾಕಿಕೊಂಡ.

ಒಂಬತ್ತು ವರ್ಷದಲ್ಲಿ ಆಡಿದ ಮೊದಲ ಮಾತು ಅದು. ಎರಡೇ ಪದ, ಒಂದೂ ಉಪಯೋಗಕ್ಕೆ ಬರುವಂಥದ್ದಲ್ಲ. ರೊಟ್ಟಿ ಮಾಲ್ವಿನಾ ತಿಂದಳು.

ಲೆ. ಸಾಕೋವಿಚ್

⁂

ಕ್ರಾಕುಫ್
27 ಜನವರಿ 2025

ಪಾನಿ ಲೆಯೊಕಾದಿಯಾ,

ಕ್ಷಮೆ ಕೇಳುತ್ತೇನೆ. ಗೆರೆಯನ್ನು ಹಿಂದಕ್ಕೆ ಪಡೆದಿದ್ದೇನೆ.

ಆದರೆ ಸಮಿತಿ ನಿರಾಶೆಗೊಂಡಿಲ್ಲ. ಅದು ಎರಡು ಪದದ ಪ್ರಶ್ನಾರ್ಥಕ ವಾಕ್ಯ. ಪ್ರಶ್ನೆ ಎಂದರೆ ಉತ್ತರಕ್ಕೆ ತೆರೆದ ಬಾಗಿಲು, ಮರದ ಬಾಗಿಲು ಮುಚ್ಚಿದರೂ. ಇಲ್ಲಿ ಹಿಮ ಕೆಸರಾಗಿದೆ. ಕೆಳಗಿನ ಮನೆಯಾತ ಕಹಳೆ ಕಲಿಯುತ್ತಿದ್ದಾನೆ. ನಿಮ್ಮ ಪತ್ರ ಬಂದ ದಿನ ಕಚೇರಿ ಸ್ವಲ್ಪ ಬೆಚ್ಚಗಿರುತ್ತದೆ.

ಗಾವ್ಲಿಕ್

⁂

ಗ್ಲಿನಿಶ್ಚೆ
10 ಮಾರ್ಚ್ 2025

ಗಾವ್ಲಿಕ್ ಅವರೇ,

ಆರು ವಾರ ಬರೆಯಲಿಲ್ಲ, ಬೇಟೆಯಲ್ಲಿದ್ದೆ.

ಬೇಲಿಯ ಈಚೆ ನಿಂತು, ಗಾಳಿಗೆ ಹೇಳಿದಂತೆ, ಮಾಲ್ವಿನಾಳಿಗೆ ಹೇಳಿದೆ: "ಹಾಲು ಜಾಸ್ತಿ ಆಗಿದೆ ಕಣೇ, ಹಾಕಿಡೋಕೆ ಏನೂ ಇಲ್ಲ." ಬೇಲಿಯ ಆಚೆಯಿಂದ ಗಾಳಿಯೇ ಉತ್ತರ ಕೊಟ್ಟಿತು: "ಬಕೆಟ್ ಇಲ್ವಂತಾ?"

ಇನ್ನೊಂದು ದಿನ ಮಾಲ್ವಿನಾಳನ್ನೇ ಕಳಿಸಿದೆ. "ಬಾಜಿಲಿ, ಈ ಸಲ ಏನೇನು ಮಾಡಿದೀಯ?" ಎಂದು ಕೇಳಿದಳು. "ಮಣ್ಣಿನ ಸಾಮಾನು" ಎಂದನಂತೆ. "ಏನೇನು ಸಾಮಾನು?" "ದುಂಡಗಿರೋ ಸಾಮಾನು." ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದವನ್ನು ನೋಡುತ್ತ, "ಅಯ್ಯೋ, ಎಷ್ಟು ಚೆನ್ನಾಗಿವೆ ಇವು!" ಎಂದು ಇವಳು. "ಹೂಂ, ಅವು ಚೆನ್ನಾಗಿವೆ" ಎಂದು ಆತ. ಸರ್ವನಾಮದಲ್ಲೇ ಇಡೀ ಸಂಸಾರ ನಡೆಸುವ ಗಂಡಸು. ನಾಮಪದ ಬಿಟ್ಟುಕೊಟ್ಟರೆ ಆಸ್ತಿ ಹೋದೀತು ಎಂಬಂತೆ ಹಿಡಿದುಕೊಂಡಿದ್ದಾನೆ.

ಮೊನ್ನೆ ಒಮ್ಮೆ ನನ್ನ ಬಾಯಿಂದಲೇ ಬರುವುದರಲ್ಲಿತ್ತು. 'ಹ್ವಾ' ಎಂದವಳು ಆಕಳಿಸಿ ತಪ್ಪಿಸಿಕೊಂಡೆ. ನನ್ನ ಜೀವಮಾನವೆಲ್ಲ ಆಡಿದ ಪದವನ್ನು ನಾನು ನಾಲ್ಕು ತಿಂಗಳಿಂದ ಬಾಯಲ್ಲಿ ಕಟ್ಟಿಹಾಕಿಕೊಂಡು ತಿರುಗುತ್ತಿದ್ದೇನೆ. ಈ ಪದವನ್ನು ಬದುಕಿಸಲು ಹೋಗಿ ಅದನ್ನು ಆಡುವವರಲ್ಲಿ ಒಬ್ಬಳು ಕಡಿಮೆಯಾದಳು ಎಂದು ನಿಮ್ಮ ಸಮಿತಿಗೆ ಹೇಳಿ.

ಇನ್ನೊಂದು ಮಾತು. ಸರಕಾರಿ ಕಚೇರಿಯ ಲಕೋಟೆಗೆ ಯಂತ್ರದ ಮುದ್ರೆ ಇರುತ್ತದೆ. ನಿಮ್ಮ ಎಲ್ಲ ಲಕೋಟೆಗಳಿಗೂ ಅಂಗಡಿಯಲ್ಲಿ ಕೊಂಡ ಅಂಚೆಚೀಟಿ, ಓರೆಯಾಗಿ ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದ್ದು. ಸಮಿತಿಯವರು ಸರದಿಯ ಮೇಲೆ ನೆಕ್ಕುತ್ತಾರೋ?

ಲೆ. ಸಾಕೋವಿಚ್

⁂

ಕ್ರಾಕುಫ್
20 ಮಾರ್ಚ್ 2025

ಪಾನಿ ಲೆಯೊಕಾದಿಯಾ,

ಯಂತ್ರ ಕೆಟ್ಟಿದೆ.

ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಒಂದು ಕಡೆ ಮುಳ್ಳು ಚುಚ್ಚುತ್ತಿದೆ. ವ್ಯಾಕರಣದವನಿಗೆ ಚುಚ್ಚಿದ ಮೇಲೆ ಕೇಳದಿರಲಾಗದು. ಕೇಳಿದ್ದಕ್ಕೆ ನೀವು ಬರೆಯುವುದನ್ನೇ ನಿಲ್ಲಿಸಿದರೂ ನಿಲ್ಲಿಸಬಹುದು, ಆದರೂ ಕೇಳುತ್ತೇನೆ.

ಅಂಚೆ ಕಚೇರಿಯಲ್ಲಿ ದಿನಾ ಬೆಳಿಗ್ಗೆ ಮೊದಲ ಕೆಲಸ ಮುದ್ರೆಯ ತಾರೀಕು ತಿರುಗಿಸುವುದು. ಮೂವತ್ತನಾಲ್ಕು ವರ್ಷ ಆ ಕೆಲಸ ಮಾಡಿದವರು, ಪಕ್ಕದ ಮನೆಯ ಕ್ರಿಸ್ಮಸ್ಸಿನ ದಿನ, ತಾರೀಕು ಮರೆತರೇ?

ಗಾವ್ಲಿಕ್

⁂

ಕ್ರಾಕುಫ್
8 ಏಪ್ರಿಲ್ 2025
(ಅಂಚೆ ಕಾರ್ಡು)

ಪಾನಿ ಲೆಯೊಕಾದಿಯಾ, ಮೂರು ವಾರವಾಯಿತು. ಪದದ ಗಡುವಿಗಾಗಿ ಬರೆಯುತ್ತಿಲ್ಲ. ಆರೋಗ್ಯ ತಾನೇ? ಸಮಿತಿಗೆ ಚಿಂತೆಯಾಗಿದೆ. — ಗಾ.

⁂

ಗ್ಲಿನಿಶ್ಚೆ
22 ಏಪ್ರಿಲ್ 2025

ಗಾವ್ಲಿಕ್ ಅವರೇ,

ಆರೋಗ್ಯ ಗಟ್ಟಿಯಾಗಿದೆ. ಸಿಟ್ಟು ಬಂದಿತ್ತು, ನಿಮ್ಮ ಮೇಲೆ. ನಿಮ್ಮ ಪ್ರಶ್ನೆಯನ್ನು ಮೂರು ಸಲ ಒಲೆಗೆ ಹಾಕಲು ಹೋಗಿ ಮೂರು ಸಲ ಹಿಂದಕ್ಕೆ ತಂದೆ. ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ನಲವತ್ತು ದಿನಗಳಲ್ಲಿ ಇಂಥ ಪ್ರಶ್ನೆ ಕೇಳುವುದು ಪಾದ್ರಿಗಳ ಕೆಲಸ. ನಿಘಂಟಿನವರಿಗೆ ಯಾರು ಕೊಟ್ಟರು ಅಧಿಕಾರ?

ಮರೆತಿರಲಿಲ್ಲ. ಗೊತ್ತಿದ್ದೇ ಬಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆ, ಅವರು ಚರ್ಚಿನಿಂದ ಬಂದು ಊಟಕ್ಕೆ ಕೂರುವ ಹೊತ್ತಿಗೆ ಮೂರನೆಯ ಜಮಖಾನೆಯಲ್ಲಿದ್ದೆ. ಮನೆಯಲ್ಲಿ ಇದ್ದದ್ದು ಎರಡೇ. ಮೂರನೆಯದನ್ನು ಮಾಲ್ವಿನಾಳಿಂದ ಎರವಲು ತಂದಿದ್ದೆ.

ಈ ವರ್ಷ ದೇವರಿಗೂ ನಮ್ಮನ್ನು ಛೇಡಿಸುವ ಮನಸ್ಸಾಯಿತೋ ಏನೋ, ಇಬ್ಬರ ಈಸ್ಟರೂ ಒಂದೇ ದಿನ ಬಂತು, ಏಪ್ರಿಲ್ ಇಪ್ಪತ್ತಕ್ಕೆ. ಎರಡು ಚರ್ಚಿನ ಗಂಟೆ ಒಟ್ಟಿಗೇ ಬಾರಿಸಿದರೆ ನೆಪ ಹೇಳಲು ತಾರೀಕೇ ಉಳಿಯುವುದಿಲ್ಲ. ಪೂಜೆ ಮುಗಿಸಿ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪು ಮಾಡಿದ ಮೊಟ್ಟೆ ಎರಡನ್ನು ಜೇಬಿಗೆ ಹಾಕಿಕೊಂಡು ಹೋದೆ. ಜಗಲಿಯ ಮೇಲೆ ಹಬ್ಬದ ಅಂಗಿ ತೊಟ್ಟು ಕೂತಿದ್ದ.

"ಏನು?"

"ಮೊಟ್ಟೆ. ಗುದ್ದಿಸೋಣ ಅಂತ."

"ನಿನ್ನ ಕೋಳಿದು ಸಿಪ್ಪೆ ತೆಳು."

"ನೋಡೋಣ."

ನೋಡಿದೆವು. ಯಾರ ಮೊಟ್ಟೆ ಒಡೆಯುತ್ತದೋ ಅವರು ಸೋತಂತೆ. ಆತ ಒಳಗಿಂದ ತಂದ ಮೊಟ್ಟೆಯ ಮೊದಲ ಗುದ್ದಿಗೇ ನನ್ನದು ಒಡೆಯಿತು, ಎರಡನೆಯದೂ ಒಡೆಯಿತು. ಆತನಿಗೆ ಎಷ್ಟು ಖುಷಿ! ಗೆದ್ದವನ ಹಕ್ಕೆಂದು ಎರಡನ್ನೂ ಸುಲಿದು, ಉಪ್ಪು ಅದ್ದಿ, ನನ್ನ ಎದುರೇ ತಿಂದ. ಆಗ ನಾನು ಯೋಜನೆಯಂತೆ ಹಾಲು, ಮೊಸರು, ಗಿಣ್ಣು ಎಂದು ಮಾತು ತೆಗೆಯಬೇಕಿತ್ತು, ಬರೆದುಕೊಂಡೇ ಹೋಗಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು.

"ಬಾಜಿಲಿ, ಅವತ್ತು ನಾನು ತಾರೀಕು ಮರ್ತಿರ್ಲಿಲ್ಲ."

"ಗೊತ್ತು."

"ಗೊತ್ತಾ?"

"ಒಂದೊಂದು ಏಟಿಗೂ ನಮ್ಮ ಕಿಟಕಿ ಕಡೆ ತಿರುಗಿ ನೋಡ್ತಿದ್ದೆ. ಮರ್ತೋರು ಹಾಗೆ ನೋಡ್ತಾರಾ? ಜಮಖಾನೆ ಬೇರೆ ಮಾಲ್ವಿನಂದು. ನಾನೇನು ಕುರುಡನಾ?"

"ಮತ್ತೆ ಕೇಳ್ಬಾರ್ದಿತ್ತಾ?"

"ನೀನು ಹೇಳ್ತೀಯ ಅಂತ ಕಾದೆ. ಅಂಚೆಯೋಳು, ಯಾವತ್ತಾದ್ರೂ ತಲುಪಿಸ್ತೀಯ ಅಂದ್ಕೊಂಡೆ. ಒಂಬತ್ತು ವರ್ಷ! ಗಾಡಿ ಕಾಲದಲ್ಲೂ ಇಷ್ಟು ತಡ ಇರ್ಲಿಲ್ಲ."

ನನಗೆ ನಗು ಬಂತು, ಅಳುವೂ ಬಂತು. ತಪ್ಪಾಯ್ತು ಎಂದೆ. ಅಂದುಬಿಟ್ಟ ಮೇಲೆ ನನ್ನ ಸಾಲವೂ ವಸೂಲಿಯಾಗಬೇಕಲ್ಲ, "ನೀನ್ಯಾಕೆ ನಮ್ಮ ಹಬ್ಬದ ದಿನ ಆವಿಗೆ ಹಚ್ಚಿದ್ದು, ಅದನ್ನ ಹೇಳು" ಎಂದೆ. ಅಯ್ಯೋ, ಎದ್ದೇ ನಿಂತ.

"ಅವತ್ತು ಹಚ್ಚಿದ್ದಲ್ಲ ಮಾರಾಯ್ತಿ! ಇಪ್ಪತ್ತೆರಡನೇ ತಾರೀಕೇ ಹಚ್ಚಿದ್ದೆ. ನಿಮ್ಮ ಹಬ್ಬದ ಹೊತ್ಗೆ ಆರಿಸ್ಬೇಕು ಅಂತ್ಲೇ ಲೆಕ್ಕ ಹಾಕಿದ್ದು. ಸೌದೆ ಹಸಿ, ಉರಿ ಏಳ್ಲಿಲ್ಲ. ಎರಡು ದಿನ ತಿಣುಕಾಡಿ ನಿಮ್ಮ ನಕ್ಷತ್ರದ ಹೊತ್ಗೇ ಸರಿಯಾಗಿ ಹದಕ್ಕೆ ಬಂತು. ಒಳಗೆ ಅರವತ್ತು ಹ್ವಾದಿಶ್ಕಾ ಕೆಂಡದ ಹಾಗೆ ಕೂತಿದ್ವು, ನಡುವೆ ಉರಿ ಎಳೆದ್ರೆ ಪಟಪಟ ಅಂತ ಎಲ್ಲಾ ಸೀಳ್ತವೆ, ಒಂದೂ ಕೈಗೆ ಬರಲ್ಲ. ಬೆಂಕಿಗೆ ನಿಮ್ಮ ಕ್ಯಾಲೆಂಡರ್ ಯಾವ್ದು ನಮ್ದು ಯಾವ್ದು ಅಂತ ಗೊತ್ತಾಗುತ್ತಾ? ಹೊಗೆ ನಿಮ್ಮ ಕಡೆ ಹೋಗ್ತಿರೋದು ನೋಡಿ ನಾನೇ ಒಲೆ ಮುಂದೆ ನಿಂತು ಬೈಸಿಕೊಳ್ಳೋಕೆ ಕಾಯ್ತಿದ್ದೆ. ನೀನು ಬೈಯೋಕೆ ಬರ್ಲಿಲ್ಲ. ಎರಡು ವಾರ ಬಿಟ್ಟು ಕೋಲು ಹಿಡ್ಕೊಂಡು ಬಂದೆ!"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ; ಇಲ್ಲಿ ಆತ ಕಷ್ಟಪಟ್ಟದ್ದು ಎರಡು ದಿನ, ನನ್ನ ದೊಣ್ಣೆ ಕೆಲಸ ಮಾಡಿದ್ದು ಒಂಬತ್ತು ವರುಷ. ಒಂದು ಸಲ ಬೇಲಿ ದಾಟಿ ಹೋಗಿ ಬೈದಿದ್ದರೆ ಅವತ್ತೇ ಮುಗಿಯುತ್ತಿತ್ತು. ನಮ್ಮಲ್ಲಿ ಬೈಯದಿರುವುದೇ ದೊಡ್ಡ ಬೈಗುಳ ಎಂಬುದು ನನಗೆ ಹೊಳೆದಿರಲಿಲ್ಲ.

ಆಮೇಲೆ ಏನೇನು ಮಾತಾಡಿದೆವೋ ಗೊತ್ತಿಲ್ಲ. ಸತ್ತವರ ಸುದ್ದಿ, ಮೊಣಕಾಲಿನ ಸುದ್ದಿ, ವಾರ್ಸಾದವರ ನಾಯಿಯ ಸುದ್ದಿ. ಮಾಲ್ವಿನಾ ಬಂದಳು, "ನನ್ನ ಜಮಖಾನೆಯಿಂದ್ಲೇ ಇಷ್ಟೆಲ್ಲಾ ಆಯ್ತು ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಾ" ಎಂದು ಕೂಗಾಡಿದಳು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ನಿಮ್ಮ ನೆನಪಾಯಿತು. ಪದಕ್ಕೆಂದು ಹೋಗಿ ಪದವನ್ನೇ ಬಿಟ್ಟು ಬಂದಿದ್ದೆ. ಕಿವಿ ಇಟ್ಟು ಕಾಯುವುದನ್ನೇ ಮರೆತೆ. ನಾಳೆಯಿಂದ ಮತ್ತೆ ಬಲೆ ಬೀಸಬಹುದು, ಇನ್ನೂ ಎಂಟು ದಿನ ಇದೆ. ಆದರೆ ಒಂಬತ್ತು ವರ್ಷದ ಮೇಲೆ ಮಾತಿಗೆ ಸಿಕ್ಕ ಮನುಷ್ಯನ ಮುಂದೆ ಕಾಗದ ಪೆನ್ಸಿಲ್ ಬಚ್ಚಿಟ್ಟುಕೊಂಡು ಕೂರಲು ನನಗೆ ಮನಸ್ಸಿಲ್ಲ. ಅದು ಇನ್ನೊಂದು ಜಮಖಾನೆಯಾಗುತ್ತದೆ.

ಆದ್ದರಿಂದ ಶಿಲುಬೆ ಇರಲಿ ಬಿಡಿ. ನಾನು ಸೋತೆ, ಆದರೆ ಹೊಟ್ಟೆ ತುಂಬ ಉಂಡು ಸೋತವಳಂತಿದ್ದೇನೆ.

ಇಷ್ಟು ಬರೆದ ಮೇಲೆ ಪಾನ್, ಪಾನಿ ಎಂದು ಶ್ರೀಮಾನ್-ಶ್ರೀಮತಿಯರ ಬಹುವಚನದಲ್ಲಿ ಎಳೆದಾಡುವುದು ಚೆನ್ನಾಗಿರುವುದಿಲ್ಲ. ಹಿರಿಯಳು ನಾನು, ನಾನೇ ಹೇಳಬೇಕಾದ ಮಾತು: ಇನ್ನು ಮೇಲೆ ಬರೀ ಲೆಯೊಕಾದಿಯಾ ಎನ್ನಿ.

ಲೆಯೊಕಾದಿಯಾ

⁂

ಕ್ರಾಕುಫ್
29 ಏಪ್ರಿಲ್ 2025

ಲೆಯೊಕಾದಿಯಾ,

ಮೊದಲು ಕೂತುಕೋ. ನೀನು ಬರೆದ ಪತ್ರ ನಿನ್ನ ಹತ್ತಿರ ಇಲ್ಲದ್ದರಿಂದ ನಾಲ್ಕನೆಯ ಪುಟದ ಹನ್ನೊಂದನೆಯ ಸಾಲನ್ನು ಇಲ್ಲಿ ನಕಲು ಮಾಡುತ್ತಿದ್ದೇನೆ. ಅಕ್ಷರ ನಿನ್ನದು, ಮಾತು ಬಾಜಿಲಿಯವರದು:

"ಒಳಗೆ ಅರವತ್ತು ಹ್ವಾದಿಶ್ಕಾ ಕೆಂಡದ ಹಾಗೆ ಕೂತಿದ್ವು."

ಮತ್ತೊಮ್ಮೆ ಓದು. ನಾನೂ ಮತ್ತೊಮ್ಮೆ ಓದಿದೆ. ಆಮೇಲೆ ಎದ್ದು ಕಿಟಕಿ ತೆರೆದೆ, ಕೆಳಗಿನ ಮನೆಯವನ ಕಹಳೆ ಕೂಡ ಇಂಪಾಗಿ ಕೇಳಿಸಿತು.

ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಆಡಿದವನಿಗೆ ಆಡಿದ್ದು ಗೊತ್ತಿಲ್ಲ. ಐದು ತಿಂಗಳು ಅದಕ್ಕಾಗಿಯೇ ಕಾದವಳು ಎದುರಿಗೆ ಕೂತು ಕೇಳಿ, ಎರಡು ದಿನ ಬಿಟ್ಟು ತನ್ನ ಕೈಯಾರೆ ಬರೆದು, ಲಕೋಟೆಗೆ ಹಾಕಿ ಅಂಟಿಸಿದರೂ ಗಮನಿಸಲಿಲ್ಲ! ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ್ದೇನೆ, ಇಷ್ಟು ಜೀವಂತವಾದ ಪದವನ್ನು ನೋಡಿಲ್ಲ. ದಿನಾಂಕ ಇದೆ, ಸ್ಥಳ ಇದೆ, ವಾಕ್ಯ ಇದೆ. ಅರವತ್ತು ಎಂಬ ಸಂಖ್ಯೆಯ ನಂತರ ಬಂದದ್ದರಿಂದ ಬಹುವಚನದ ಸಂಬಂಧ ವಿಭಕ್ತಿ, ಕೋಷ್ಟಕದ ಒಂಬತ್ತನೆಯ ಮನೆ.

ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ನೀನು ಅಂಚೆಚೀಟಿಯಲ್ಲಿ ಅರ್ಧ ಕಂಡುಹಿಡಿದಿದ್ದೆ. ಮುದ್ರೆಯ ಯಂತ್ರ ಕೆಟ್ಟಿಲ್ಲ. ಹಳೆಯ ಪದಗಳ ವಿಷಯಕ್ಕೆ ಕಾಗದದ ಪತ್ರ ಬರೆಯುವ ಕ್ರಮವೇ ನಮ್ಮಲ್ಲಿಲ್ಲ, ಆದ್ದರಿಂದ ಚೀಟಿ ನನ್ನದು, ನಾಲಿಗೆಯೂ ನನ್ನದು. ಇನ್ನು ಸಮಿತಿ. ಒಂದು ಕಾಲದಲ್ಲಿ ಐವರಿದ್ದರು. ಒಬ್ಬೊಬ್ಬರಾಗಿ ನಿವೃತ್ತರಾದರು. ಈಗ ಉದ್ದನೆಯ ಮೇಜು ಇದೆ, ಐದು ಕುರ್ಚಿ ಇದೆ, ಒಂದರಲ್ಲಿ ನಾನಿದ್ದೇನೆ. ನಿನ್ನ ಪತ್ರವನ್ನು ಓದಿದ, ಚಿಂತಿಸಿದ, ನಿರಾಶೆಗೊಳ್ಳದ, ಚಹಾ ಕುಡಿದ ಸಮಿತಿ ಒಂದೇ ಕಪ್ಪಿನದು. ಮಾರ್ಚಿನಲ್ಲೇ ಆ ಪದವನ್ನು ಕಡತಕ್ಕೆ ಕಳಿಸಲು ಮೇಲಿನಿಂದ ಸೂಚನೆ ಬಂದಿತ್ತು. ಸಮಿತಿಯ ತೀರ್ಮಾನ ಬಾಕಿಯಿದೆ ಎಂದು ಉತ್ತರ ಕೊಟ್ಟೆ. ಸಮಿತಿ ತೀರ್ಮಾನಿಸಿದ್ದರೆ ನಿನ್ನ ಪತ್ರಗಳು ನಿಲ್ಲುತ್ತಿದ್ದವು, ಅದಕ್ಕೇ ತೀರ್ಮಾನಿಸಲಿಲ್ಲ.

ಇಂದು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸಮಿತಿ ಸರ್ವಾನುಮತದಿಂದ ಶಿಲುಬೆಯನ್ನು ತೆಗೆದುಹಾಕಿತು. ಕೋಷ್ಟಕದ ಕೆಳಗೆ ಉದಾಹರಣೆಯಾಗಿ ಆ ವಾಕ್ಯವೇ ಇದೆ. ಗುರುವಾರ ಮೇ ಒಂದು, ಗ್ರಂಥಾಲಯಕ್ಕೆ ರಜೆ. ಮುಂದಿನ ಗುರುವಾರ ಹೊನೊರಾತಾಳ ಹತ್ತಿರ ಹೋಗಿ ನೋಡು, ಬಾಜಿಲಿಯವರನ್ನೂ ಮಾಲ್ವಿನಾ ಅವರನ್ನೂ ಕರೆದುಕೊಂಡು ಹೋಗು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಯಮದ ಕೆಲಸ ಮುಗಿಯಿತು. ಈಗಲೇ ಬೇಲಿಯ ಹತ್ತಿರ ಹೋಗಿ, ಆ ಪದವನ್ನು ಬಾಜಿಲಿಯವರ ಮುಂದೆ ಎಷ್ಟು ಸಲ ಬೇಕಾದರೂ, ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಬಹುದು.

ಜೆನೋನ್
(ಪೂರ್ತಿ ಸಮಿತಿ)